ಎರಡೇ ಅಪ್ಪಣೆ, ಉಳಿದದ್ದೆಲ್ಲ ಸುದ್ದಿ

ಆ ಇಂಗ್ಲಿಷ್ ಅಜ್ಜ ವಿಮಾನಗಳು ಏರುವುದನ್ನು ನೋಡುತ್ತಲೇ ಇರಲಿಲ್ಲ. ನಾವೆಲ್ಲ ಕತ್ತೆತ್ತಿ ಬಾಯಿ ಬಿಟ್ಟುಕೊಂಡು ಆಕಾಶ ನೋಡುವ ಹೊತ್ತಿಗೆ ಅವರು ಮಡಚುವ ಕುರ್ಚಿಯಲ್ಲಿ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದರು. ಯಾವುದಾದರೂ ವಿಮಾನ ಇಳಿಯಲು ತಿರುಗಿತು ಅಂದರೆ ಮಾತ್ರ ಲೋಟವನ್ನು ಹುಲ್ಲಿನ ಮೇಲಿಟ್ಟು, ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ತಮ್ಮಷ್ಟಕ್ಕೆ ಏನೋ ಗುನುಗುತ್ತಿದ್ದರು. ಮೂರನೆಯ ಶನಿವಾರ ನಾನು ಹತ್ತಿರ ಹೋಗಿ ಕಿವಿಗೊಟ್ಟೆ.

“ಎತ್ತರ… ಎತ್ತರ… ಸರಿಯಿದೆ… ಸರಿಯಿದೆ… ಈಗ.”

ಅವರು “ಈಗ” ಅಂದ ಮೇಲೆ ಒಂದು ಉಸಿರು ಎಳೆಯುವಷ್ಟರಲ್ಲಿ ಚಕ್ರ ಹುಲ್ಲಿಗೆ ತಾಗುತ್ತಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಪರೀಕ್ಷೆ ಮಾಡಿದೆ. ಒಂದು ಸಲವೂ ತಪ್ಪಲಿಲ್ಲ. ನಾನು ಪೀಣ್ಯದಲ್ಲಿ ಹದಿನಾಲ್ಕು ವರ್ಷ ಟೂಲ್ ರೂಮಿನಲ್ಲಿ ದುಡಿದವನು. ಕೈ ಬೆರಳಿನಿಂದ ಸವರಿ ಲೋಹದ ಒರಟುತನ ಹೇಳುವ ಹಳಬರನ್ನು ಕಂಡಿದ್ದೇನೆ. ಇದು ಅದೇ ಜಾತಿಯ ವಿದ್ಯೆ ಎಂದು ಗೊತ್ತಾಗಿಹೋಯಿತು. ಇಂಥವರು ಸಿಕ್ಕಿದರೆ ಬಿಡಬಾರದು. ಚಹಾ ಕೊಟ್ಟಾದರೂ ಸರಿ, ಬಿಸ್ಕತ್ತು ಕೊಟ್ಟಾದರೂ ಸರಿ, ಪಕ್ಕದಲ್ಲಿ ಕೂರಬೇಕು. ನಾನು ಕೋಡುಬಳೆ ಕೊಟ್ಟೆ.

ಜಾಗ ಯಾವುದು ಎಂದು ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ನಾವಿರುವ ಬೊಬ್ಲಿಂಗೆನ್‌ನಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ದೂರ, ಒಂದು ಗುಡ್ಡದ ನೆತ್ತಿಯ ಮೇಲಿನ ಹುಲ್ಲುಗಾವಲು. ಎಂಜಿನ್ ಇಲ್ಲದ ಗ್ಲೈಡರ್ ವಿಮಾನಗಳ ಕ್ಲಬ್ಬು. ಮೈದಾನದ ಒಂದು ತುದಿಯಲ್ಲಿ ವಿಂಚ್, ಅಂದರೆ ಉಕ್ಕಿನ ಹಗ್ಗವನ್ನು ಭರ್ರನೆ ಸುತ್ತಿಕೊಳ್ಳುವ ದೊಡ್ಡ ಎಂಜಿನ್. ಇನ್ನೊಂದು ತುದಿಯಲ್ಲಿ ಗ್ಲೈಡರ್. ಹಗ್ಗ ಎಳೆದಾಗ ಗ್ಲೈಡರ್ ಗಾಳಿಪಟದ ಹಾಗೆ ಏರುತ್ತದೆ, ಮೇಲೆ ಹೋಗಿ ಹಗ್ಗ ಕಳಚಿಕೊಳ್ಳುತ್ತದೆ. ಆಮೇಲೆ ಅದು ಮತ್ತು ಗಾಳಿ. ಇಳಿಯುವುದಕ್ಕೆ ಒಂದೇ ಅವಕಾಶ. ತಪ್ಪಾಯಿತು, ಇನ್ನೊಂದು ಸುತ್ತು ಬರುತ್ತೇನೆ ಅನ್ನುವ ಹಾಗಿಲ್ಲ.

ಅಲ್ಲಿ ಹಾರಲು ಕಲಿಯುತ್ತಿದ್ದವಳು ನನ್ನ ಹೆಂಡತಿ. ನಾನು ಇಲ್ಲಿ ದುಡಿಯಲು ಬೇಕಾದ ಬ್ಲೂ ಕಾರ್ಡ್ ಸಿಕ್ಕಿ ಬಂದ ಮೇಲೆ ಅವಳು ಮೈಸೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಕೆಲಸ ಬಿಟ್ಟು ನನ್ನ ಹಿಂದೆ ಬಂದಳು. ಬೆಳಗ್ಗೆ ಜರ್ಮನ್ ಕ್ಲಾಸು, ಮಧ್ಯಾಹ್ನ ಅಡುಗೆ, ಸಂಜೆ ನನ್ನ ಉಪದೇಶ. ಒಂದೂವರೆ ವರ್ಷ ಹಾಗೆ ಕಳೆಯಿತು. ಒಂದು ಭಾನುವಾರ ಆ ಗುಡ್ಡದ ಕಡೆ ಸುತ್ತಾಡಲು ಹೋದಾಗ ಕ್ಲಬ್ಬಿನವರು ಊರವರಿಗೆಲ್ಲ ಬಾಗಿಲು ತೆರೆದಿದ್ದ ದಿನವಾಗಿತ್ತು. ಅವಳನ್ನು ಹತ್ತು ನಿಮಿಷ ಮೇಲೆ ಕರೆದುಕೊಂಡು ಹೋಗಿ ಇಳಿಸಿದರು. ಕಾರಿನಲ್ಲಿ ಅರ್ಧ ದಾರಿ ಬಂದ ಮೇಲೆ, “ರೀ, ಇಷ್ಟು ವರ್ಷ ಬೋರ್ಡ್ ಮೇಲೆ ಬಾಣದ ಗುರುತು ಹಾಕಿ ಹೇಳ್ಕೊಟ್ಟಿದ್ದು ಇವತ್ತು ಬೆನ್ನಿಗೆ ತಾಗ್ತು,” ಅಂದಳು. “ನಾನು ಒಬ್ಬಳೇ ಹಾರ್ಬೇಕು.”

ವಿಚಾರಿಸಿದೆ. ಎಲ್ಲಿ ಮೋಸ ಇದೆ ಎಂದು ಹುಡುಕುವುದು ನನ್ನ ಹುಟ್ಟುಗುಣ. ಸದಸ್ಯತ್ವ ಅಗ್ಗ, ಕಲಿಸುವ ಮೇಷ್ಟ್ರು ಸಂಬಳವನ್ನೇ ತೆಗೆದುಕೊಳ್ಳುವುದಿಲ್ಲ. ಇಷ್ಟು ಅಗ್ಗದಲ್ಲಿ ಆಕಾಶ ಸಿಗುವುದೆಂದರೇನು? ಗುಟ್ಟು ಆಮೇಲೆ ತಿಳಿಯಿತು. ಹತ್ತು ನಿಮಿಷ ಹಾರಬೇಕಾದರೆ ಇಡೀ ದಿನ ನೆಲದ ಮೇಲೆ ದುಡಿಯಬೇಕು. ಹಗ್ಗ ಎಳೆದು ತರಬೇಕು, ರೆಕ್ಕೆ ಹಿಡಿದು ಓಡಬೇಕು, ಚಳಿಗಾಲದಲ್ಲಿ ಶೆಡ್ಡಿನಲ್ಲಿ ನಿಂತು ಉಜ್ಜಬೇಕು, ಬಣ್ಣ ಬಳಿಯಬೇಕು. ಜರ್ಮನಿಗೆ ಹೊಸದಾಗಿ ಬರುವವರಿಗೆ ಒಂದು ಮಾತು ಹೇಳುತ್ತೇನೆ: ಇಲ್ಲಿ ಕ್ಲಬ್ಬು ಸೇರಿ, ಖಂಡಿತ ಸೇರಿ, ಭಾಷೆ ಬರುವುದು ಅಲ್ಲೇ. ಆದರೆ ಸಹಿ ಹಾಕುವ ಮುಂಚೆ ಅರ್ಬೈಟ್‌ಸ್ಟುಂಡೆನ್ ಎಷ್ಟು ಎಂದು ಕೇಳಿ. ಶ್ರಮದಾನದ ಗಂಟೆಗಳು ಅಂತ ಅರ್ಥ. ಮತ್ತೆ, ಅದನ್ನೂ ಚೌಕಾಸಿ ಮಾಡಬಹುದು. ವಿಂಚಿನ ರಾಟೆ ಸವೆದು ಕಿರುಗುಟ್ಟುತ್ತಿತ್ತು. “ಇದನ್ನು ನಾನು ಹೊಸದಾಗಿ ಕಡೆದು ಕೊಡ್ತೀನಿ, ನನ್ನ ಹೆಂಡತಿಯ ಚಳಿಗಾಲದ ಗಂಟೆಗಳನ್ನೆಲ್ಲ ಬಿಟ್ಟುಬಿಡಿ,” ಅಂದೆ. ಮೇಷ್ಟ್ರು ನಿವೃತ್ತ ಗಣಿತದ ಅಧ್ಯಾಪಕ, ಬಿಗಿ ತುಟಿಯವರು. ಅರ್ಧ ಬಿಡುತ್ತೇವೆ ಅಂದರು. ಮುಕ್ಕಾಲಿಗೆ ಏರಿಸಿಕೊಂಡೆ. ರಾಟೆ ಹಾಕಿಕೊಟ್ಟ ದಿನದಿಂದ ನನ್ನನ್ನೂ ಬಿಡಲಿಲ್ಲ. ಹಗ್ಗ ಎಳೆದು ತರುವ ಲಟಾರಿ ಕಾರಿಗೆ ನಾನೇ ಡ್ರೈವರ್ ಆದೆ. ಆಫೀಸಿನ ಕನ್ನಡದ ಗೆಳೆಯನೊಬ್ಬ ಕೇಳಿ ನಕ್ಕ. “ಗುರು, ಹೆಂಡ್ತಿ ಆಕಾಶದಲ್ಲಿ, ನೀನು ಹಗ್ಗ ಎಳ್ಕೊಂಡು ನೆಲದ ಮೇಲೆ. ಒಟ್ನಲ್ಲಿ ಎಲ್ಲರ ಮನೇಲೂ ಇದೇ ಬಿಡು.”

ಅಜ್ಜನಿಗೆ ಆಗಲೇ ತೊಂಬತ್ತು ಸಮೀಪಿಸಿತ್ತು. ಗುಡ್ಡದ ಕೆಳಗಿನ ಊರಿನ ಹೆಂಗಸನ್ನು ಮದುವೆಯಾಗಿ, ಎರಡನೆಯ ಮಹಾಯುದ್ಧ ಮುಗಿದ ಕೆಲವು ವರ್ಷಕ್ಕೆ ಇಲ್ಲೇ ಉಳಿದವರಂತೆ. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು. ಕೋಡುಬಳೆಯನ್ನು ಚಹಾದಲ್ಲಿ ನೆನೆಸಿ, ತಿರುಗಿಸಿ ನೋಡಿ, ತಿಂದು, ಈ ವಿದ್ಯೆ ಎಲ್ಲಿ ಕಲಿತಿರಿ ಎಂಬ ನನ್ನ ಪ್ರಶ್ನೆಗೆ ಉತ್ತರ ಹೇಳಿದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನಾನು ಯುದ್ಧದಲ್ಲಿ ಗುಂಡು ಹಾರಿಸಿದವನಲ್ಲಪ್ಪ. ವಿಮಾನ ಹೊತ್ತ ಹಡಗಿನ ಹಿಂಭಾಗದಲ್ಲಿ, ಅಂಚಿನಲ್ಲಿ, ಎರಡು ಬ್ಯಾಟ್ ಹಿಡಿದು ನಿಂತಿದ್ದೆ.”

“ಬ್ಯಾಟಾ? ಕ್ರಿಕೆಟ್ ಬ್ಯಾಟಾ?”

“ಟೇಬಲ್ ಟೆನಿಸ್ಸಿನದರ ಹಾಗೆ, ಇನ್ನೂ ದೊಡ್ಡದು. ದೂರಕ್ಕೆ ಕಾಣೋ ಬಣ್ಣ. ಎರಡು ತೋಳು, ಎರಡು ಬ್ಯಾಟು. ಅಷ್ಟರಲ್ಲೇ ಅವರನ್ನು ಇಳಿಸಬೇಕು.”

ನಾನು ಅವತ್ತು ಹಗ್ಗದ ಕಾರು ಮರೆತು ಕೂತೆ. ಮೇಷ್ಟ್ರು ಎರಡು ಸಲ ಹಾರ್ನ್ ಹೊಡೆಸಿದರು.

ಮುಂದಿನ ಶನಿವಾರಗಳಲ್ಲಿ ಅಜ್ಜ ಹೇಳಿದ್ದನ್ನೆಲ್ಲ ಕೂಡಿಸಿಕೊಂಡರೆ ಚಿತ್ರ ಹೀಗೆ. ಹಡಗಿನ ಮೇಲ್ಭಾಗ, ಅಂದರೆ ಡೆಕ್, ಒಂದು ಉದ್ದನೆಯ ಹಲಗೆಯ ಹಾಗೆ ನೇರ. ಈಗಿನ ಹಡಗುಗಳಂತೆ ಇಳಿಯಲು ಓರೆಯಾದ ಇನ್ನೊಂದು ಪಟ್ಟಿ ಇಲ್ಲ. ಇಳಿದ ವಿಮಾನಗಳನ್ನು ಮುಂಭಾಗಕ್ಕೆ ತಳ್ಳಿ ಒತ್ತಾಗಿ ನಿಲ್ಲಿಸಿರುತ್ತಾರೆ. ಅವಕ್ಕೆ ಪೆಟ್ರೋಲು ತುಂಬುತ್ತಿರುತ್ತಾರೆ, ಸುತ್ತ ಜನ ಓಡಾಡುತ್ತಿರುತ್ತಾರೆ. ಹಿಂಭಾಗದಲ್ಲಿ ಅಡ್ಡಡ್ಡಲಾಗಿ ಉಕ್ಕಿನ ತಂತಿಗಳು. ಬರುವ ವಿಮಾನದ ಬಾಲದಲ್ಲಿ ಒಂದು ಕೊಕ್ಕೆ. ಕೊಕ್ಕೆ ತಂತಿಗೆ ಸಿಕ್ಕಿದರೆ ನಿಂತಿತು. ಸಿಗದಿದ್ದರೆ ನಡುವೆ ನಿಲ್ಲಿಸಿದ ತಂತಿಯ ಬೇಲಿಗೆ ಹೋಗಿ ಡಿಕ್ಕಿ ಹೊಡೆಯಬೇಕು. ಬೇಲಿ ಇಲ್ಲದಿದ್ದರೆ ಮುಂದಿನ ಜನರ ಮೇಲೆ. ಇಷ್ಟಕ್ಕೂ ಆ ಹಲಗೆ ನಿಂತ ಕಡೆ ನಿಲ್ಲುವುದಿಲ್ಲ. ಏಳುತ್ತದೆ, ಬೀಳುತ್ತದೆ, ವಾಲುತ್ತದೆ, ಗಾಳಿಗೆ ಎದುರಾಗಿ ಪೂರ್ತಿ ವೇಗದಲ್ಲಿ ಓಡುತ್ತಿರುತ್ತದೆ. ಓಡುವುದು ಏಕೆಂದರೆ, ಹಡಗು ಎಷ್ಟು ಜೋರಾಗಿ ಓಡಿದರೆ ವಿಮಾನ ಅಷ್ಟು ನಿಧಾನವಾಗಿ ಬಂದ ಹಾಗೆ.

“ಇದರ ಮೇಲೆ ಇನ್ನೊಂದು,” ಅಂದರು ಅಜ್ಜ. “ಒಂದು ಜಾತಿ ಫೈಟರ್ ವಿಮಾನ ಬಂತು. ಮೂಗು ಎಷ್ಟು ಉದ್ದ ಅಂದ್ರೆ, ನೇರ ಬಂದ್ರೆ ಪೈಲಟ್‌ಗೆ ಹಡಗೇ ಕಾಣಲ್ಲ! ಇಡೀ ಹಡಗನ್ನ ತನ್ನ ಮೂಗೇ ಮುಚ್ಚಿಬಿಡ್ತು.”

“ಮತ್ತೆ ಇಳಿಯೋದು ಹೇಗೆ?”

“ನೇರ ಬರಬಾರದು. ಬಾಳೆಕಾಯಿ ಥರ ಬಾಗಿ ಬರಬೇಕು. ಕೊನೇ ಕ್ಷಣದವರೆಗೂ ಎಡಕ್ಕೆ ತಿರುಗ್ತಾನೇ ಇರಬೇಕು, ಎಡಗಡೆ ಕಿಟಕಿಯಿಂದ ನನ್ನನ್ನ ನೋಡ್ತಾ. ನಾನು ಕೈ ಇಳಿಸಿದಾಗ ರೆಕ್ಕೆ ಸಮ ಮಾಡ್ಕೊಂಡು ಎಂಜಿನ್ ಕಟ್. ಆಮೇಲೆ ಅವನಿಗೆ ಏನೂ ಕಾಣಲ್ಲ. ಕುರುಡಾಗಿ ಬೀಳ್ತಾನೆ. ನಾನು ಸರಿಯಾದ ಜಾಗದಲ್ಲಿ ಬೀಳಿಸಿದೀನಿ ಅನ್ನೋ ನಂಬಿಕೆ ಮೇಲೆ.”

ಬಾಳೆಕಾಯಿಯನ್ನು ನಾನು ಸೇರಿಸಿದೆ. ಅವರು ಕೈಯಲ್ಲಿ ತೋರಿಸಿದ ಆಕಾರ ಅದೇ. ಅದನ್ನು ಕೇಳಿ ನನ್ನ ಮೈ ಜುಮ್ಮೆಂದಿತು. ವ್ಯವಹಾರದಲ್ಲಿ ನಾನು ಯಾರನ್ನೂ ನಂಬಿದವನಲ್ಲ. ಮೂರು ಕಡೆ ದರ ಕೇಳದೆ ಒಂದು ಬೋಲ್ಟು ಕೊಂಡವನಲ್ಲ. ಇಪ್ಪತ್ತು ವರ್ಷದ ಹುಡುಗನೊಬ್ಬ ಬ್ಯಾಟು ಬೀಸಿದ್ದಕ್ಕೆ ಇನ್ನೊಬ್ಬ ಇಪ್ಪತ್ತು ವರ್ಷದವನು ಕಣ್ಣು ಕಾಣದ ಕಡೆ ಎಂಜಿನ್ ಆರಿಸುತ್ತಾನೆ!

ಕೆಲವು ಸಂಗತಿ ಅವರು ನೋಡಿದ್ದು, ಕೆಲವು ಹಿರಿಯರ ಬಾಯಿಂದ ಕೇಳಿದ್ದು. ಯುದ್ಧದ ಮೊದಮೊದಲು, ನೆಲದ ಮೇಲಷ್ಟೇ ಇಳಿದು ಗೊತ್ತಿದ್ದ ಕೆಲವು ಪೈಲಟ್‌ಗಳು, ಕೊಕ್ಕೆಯೇ ಇಲ್ಲದ ವಿಮಾನಗಳನ್ನು ಹಡಗಿನ ಮೇಲೆ ತಂದು ಇಳಿಸಿದರಂತೆ. ಸೈನ್ಯ ಹಿಂದೆ ಸರಿಯುವಾಗ ವಿಮಾನಗಳನ್ನು ಸುಟ್ಟು ಬರುವ ಬದಲು ಹೀಗೆ. ಜೋರಾಗಿ ಬ್ರೇಕು ಹಿಡಿದರೆ ಮೂಗು ನೆಲಕ್ಕೆ ಕುಕ್ಕಬಾರದಲ್ಲ, ಅದಕ್ಕೆ ಬಾಲದೊಳಗೆ ಮರಳಿನ ಚೀಲ ತುರುಕಿಕೊಂಡು ಬಂದರಂತೆ. ನಮ್ಮ ಟೂಲ್ ರೂಮಿನವರು ಕೇಳಿದರೆ ಚಪ್ಪಾಳೆ ತಟ್ಟಬೇಕು. ಎಂಥ ದೊಡ್ಡ ತೊಂದರೆಗೆ ಎಂಥ ಬಡ ಪರಿಹಾರ!

ಅಮೆರಿಕದ ಹಡಗುಗಳಲ್ಲಿ ಕೆಲವಕ್ಕೆ ಮುಂಭಾಗದಲ್ಲೂ ಇಳಿಯುವ ತಂತಿ ಇತ್ತಂತೆ. ಹಿಂಭಾಗಕ್ಕೆ ಬಾಂಬು ಬಿದ್ದು ತೂತಾದರೆ, ಹಡಗನ್ನು ಹಿಂದುಮುಂದಾಗಿ ಓಡಿಸಿ ವಿಮಾನಗಳನ್ನು ಮೂತಿಯ ಕಡೆಯಿಂದ ಇಳಿಸಿಕೊಳ್ಳುವುದು. ಅಭ್ಯಾಸ ಮಾಡಿದರು, ಬಳಸುವ ಪ್ರಸಂಗ ಬಂದದ್ದು ತೀರ ಅಪರೂಪ. ಜಪಾನಿನವರ ಹಡಗಿನಲ್ಲಿ ಬ್ಯಾಟಿನವನೇ ಇರಲಿಲ್ಲ. ಅಂಚಿನಲ್ಲಿ ಎರಡು ಬಣ್ಣದ ದೀಪದ ಸಾಲು. ಪೈಲಟ್ ಆ ಸಾಲುಗಳನ್ನು ಒಂದಕ್ಕೊಂದು ಹೊಂದಿಸಿಕೊಂಡು ತಾನೇ ಇಳಿದುಕೊಳ್ಳಬೇಕು.

“ನಿಮ್ಮವರು?” ಎಂದು ನಾನು ಮೇಷ್ಟ್ರನ್ನು ಕೆಣಕಿದೆ. ಅವರು ಅಲ್ಲೇ ಹಗ್ಗದ ಕೊಂಡಿ ಒರೆಸುತ್ತಿದ್ದರು.

“ನಮ್ಮವರೂ ಒಂದು ಹಡಗು ಕಟ್ಟಿದರು,” ಅಂದರು ಮೇಷ್ಟ್ರು, ತಲೆ ಎತ್ತದೆ. “ಬಹಳ ಕ್ರಮಬದ್ಧವಾಗಿ. ಅದರ ಮೇಲೆ ಒಂದು ವಿಮಾನವೂ ಇಳಿಯಲಿಲ್ಲ.”

“ಅದಕ್ಕೇ ಅಪಘಾತವೂ ಆಗಲಿಲ್ಲ,” ಅಂದರು ಅಜ್ಜ. ಇಬ್ಬರೂ ನಕ್ಕರು. ಅಜ್ಜ ಬ್ಯಾಟು ಹಿಡಿದಿದ್ದ ಕಾಲದಲ್ಲಿ ಈ ಎರಡು ದೇಶದವರು ಹೀಗೆ ಕೂಡಿ ನಗುವ ಹಾಗಿರಲಿಲ್ಲ ಎಂದು ಆಮೇಲೆ ಅನ್ನಿಸಿತು.

ನನ್ನ ತಲೆಯಲ್ಲಿ ಉಳಿದದ್ದು ಇದಕ್ಕಿಂತ ಸಣ್ಣ ವಿಷಯ. ಮೊದಲು ಇಂಗ್ಲಿಷರ ಪದ್ಧತಿಯಲ್ಲಿ ಬ್ಯಾಟಿನವನು ಮಾಡುವುದೆಲ್ಲ ಅಪ್ಪಣೆ. ಬ್ಯಾಟು ಮೇಲೆತ್ತಿದರೆ ‘ಮೇಲೆ ಹೋಗು’ ಅಂತ. ಅಮೆರಿಕದವರ ಪದ್ಧತಿಯಲ್ಲಿ ಅದೇ ಬ್ಯಾಟು ಮೇಲೆತ್ತಿದರೆ ‘ನೀನು ಎತ್ತರದಲ್ಲಿದ್ದೀಯ’ ಅಂತ ಸುದ್ದಿ. ಏನು ಮಾಡಬೇಕು ಅನ್ನುವುದು ಪೈಲಟ್‌ನ ತಲೆನೋವು. ಎರಡೂ ನೌಕಾಪಡೆ ಒಟ್ಟಿಗೆ ಕೆಲಸ ಮಾಡುವ ಕಾಲ ಬಂದಾಗ ಇಂಗ್ಲಿಷರು ತಮ್ಮದನ್ನು ಬಿಟ್ಟು ಅಮೆರಿಕದ್ದನ್ನು ಕಲಿತರು. ಅದರಲ್ಲಿ ಅಪ್ಪಣೆ ಎರಡೇ ಎರಡು. ಎಂಜಿನ್ ಕಟ್ ಮಾಡು ಅನ್ನುವುದು ಒಂದು. ಎರಡೂ ಬ್ಯಾಟನ್ನು ತಲೆಯ ಮೇಲೆ ಬೀಸಿ ಅಡ್ಡಡ್ಡ ಹಾಕಿದರೆ, ಇಳಿಯಬೇಡ, ಹೊರಟುಹೋಗು ಅನ್ನುವುದು ಇನ್ನೊಂದು. ಈ ಎರಡನ್ನು ಪೈಲಟ್ ಪ್ರಶ್ನೆ ಮಾಡುವ ಹಾಗೇ ಇಲ್ಲ.

“ಕಷ್ಟ ಆಗ್ಲಿಲ್ವಾ, ಕೈ ಬದಲಾಯಿಸೋದು?”

“ಕೈ ಒಂದು ವಾರದಲ್ಲಿ ಬದಲಾಯ್ತು. ಬಾಯಿ ಬದಲಾಗೋಕೆ ಬಹಳ ದಿನ ಹಿಡೀತು. ಬರೀ ಇದ್ದದ್ದನ್ನ ಹೇಳಿ ಸುಮ್ಮನಿರೋದು ಅಂದ್ರೆ…” ಎಂದು ಅವರು ತಲೆ ಅಲ್ಲಾಡಿಸಿದರು.

ನಾನು ಮುಂದಿನ ವಾರವೇ ಹಳೇ ಸಾಮಾನಿನ ಸಂತೆಯಲ್ಲಿ, ಅಂದರೆ ಇಲ್ಲಿನ ಫ್ಲೋಮಾರ್ಕ್ಟ್‌ನಲ್ಲಿ, ಎರಡು ಹಳೆಯ ಟೇಬಲ್ ಟೆನಿಸ್ ಬ್ಯಾಟು ಹಿಡಿದು ತಂದೆ. (ಅಂಗಡಿ ಎತ್ತುವ ಕೊನೆಯ ಅರ್ಧ ಗಂಟೆಯಲ್ಲಿ ಹೋಗಿ. ವಾಪಸು ಹೊತ್ತುಕೊಂಡು ಹೋಗುವ ಬೇಸರಕ್ಕೆ ಕೇಳಿದ ಬೆಲೆಗೆ ಕೊಡುತ್ತಾರೆ.) ಮನೆಯ ಓಣಿಯಂಥ ಹಾಲಿನಲ್ಲಿ ಹೆಂಡತಿ ಎರಡೂ ಕೈ ಚಾಚಿ ಗ್ಲೈಡರ್ ಆಗಿ ಬರುವುದು, ಅಡುಗೆಮನೆಯ ಬಾಗಿಲಲ್ಲಿ ನಾನು ಬ್ಯಾಟು ಹಿಡಿದು ನಿಲ್ಲುವುದು. ಮೊದಲು ಅವಳಿಗೂ ನಗು.

“ಎತ್ತರ ಇದ್ದೀಯ. ಇನ್ನೂ ಎತ್ತರ. ಹಾಂ, ಹಾಗೆ. ಎಡಕ್ಕೆ ವಾಲ್ತಿದ್ದೀಯ.”

“ರೀ, ಎಡಕ್ಕೆ ವಾಲ್ತಿರೋದು ಚಪ್ಪಲಿ ಸ್ಟ್ಯಾಂಡ್ ಇದೆ ಅಂತ.”

ಬ್ಯಾಟು ತಲೆಯ ಮೇಲೆ ಅಡ್ಡ ಬೀಸಿದಾಗ ಅವಳು ಮರುಮಾತಿಲ್ಲದೆ ತಿರುಗಿ ಮಲಗುವ ಕೋಣೆಗೆ ಓಡಬೇಕು. ಅದು ನಿಯಮ. ಚಳಿಗಾಲ ಪೂರ್ತಿ ಆಡಿದೆವು. ವಸಂತದ ಹೊತ್ತಿಗೆ ಅವಳ ಕಾಲು ಆ ಗುರುತಿಗೆ ತಾನಾಗಿ ತಿರುಗುತ್ತಿತ್ತು. ಅದನ್ನು ನೋಡಿ ನನಗೆ ಹೆಮ್ಮೆ. ನನ್ನ ಸಲಹೆಗಳೂ ಹೆಚ್ಚಿದವು. ಸಾರು ಕುದಿಯುವಾಗ, ಬಟ್ಟೆ ಮಡಚುವಾಗ, ಎಸ್‌ಬಾನ್ ರೈಲಿನಲ್ಲಿ, ಗಾಳಿ ಹೀಗಿದ್ದರೆ ಹಾಗೆ ಮಾಡು, ಹಾಗಿದ್ದರೆ ಹೀಗೆ ಮಾಡು. ನಾನು ಒಂದು ಸಲವೂ ಗ್ಲೈಡರಿನ ಹ್ಯಾಂಡಲು ಹಿಡಿದವನಲ್ಲ.

“ನೀವು ಹೇಳ್ತಾನೇ ಇದ್ರೆ ನನಗೆ ಗಾಳಿ ಕೇಳ್ಸಲ್ಲ ರೀ,” ಅಂದಳು ಒಂದು ದಿನ. ಗ್ಲೈಡರಿನಲ್ಲಿ ವೇಗವನ್ನು ಗಾಳಿಯ ಸದ್ದಿನಿಂದಲೇ ತಿಳಿಯಬಹುದಂತೆ. ತಮಾಷೆಗೆ ಅಂದಳು ಅಂದುಕೊಂಡೆ.

ಒಬ್ಬಳೇ ಹಾರುವ ದಿನ ಮೇ ತಿಂಗಳಲ್ಲಿ ಬಂತು. ಪದ್ಧತಿ ಹೀಗೆ: ಮೇಷ್ಟ್ರಿಲ್ಲದೆ ಮೂರು ಸಲ ಏರಬೇಕು, ಮೂರು ಸಲ ಸುರಕ್ಷಿತವಾಗಿ ಇಳಿಯಬೇಕು. ಮೂರೂ ಆದರೆ ಮೊದಲ ಪರೀಕ್ಷೆ ಪಾಸು. ಇಲ್ಲವಾದರೆ ಮತ್ತೆ ಮೇಷ್ಟ್ರ ಜೊತೆ. ಅವಳು ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಈ ದೇಶಕ್ಕೆ ಬಂದ ಮೇಲೆ ನನ್ನ ಹೆಸರಿನ ಬಾಲವಾಗಿ ಅಲ್ಲದೆ, ಅವಳೇ ಅವಳಿಗಾಗಿ ಬೇಡಿದ್ದು ಇದೊಂದೇ.

ಮೊದಲನೆಯದು ಹೂವಿನ ಹಾಗೆ ಇಳಿಯಿತು. ಎರಡನೆಯದೂ. ಮೂರನೆಯ ಸಲ ಅವಳು ಮೇಲಿರುವಾಗ ಇನ್ನೊಂದು ಗ್ಲೈಡರ್ ಬಂದು ಮೈದಾನದ ನಡುವೆ ನಿಂತಿತು. ಇಬ್ಬರು ಅದನ್ನು ಪಕ್ಕಕ್ಕೆ ತಳ್ಳುತ್ತಿದ್ದರು. ನಿಧಾನ, ತೀರ ನಿಧಾನ. ನಾನು ಹಗ್ಗದ ಕಾರಿನ ಪಕ್ಕ ನಿಂತಿದ್ದೆ. ಅವಳು ತಿರುಗಿದಳು, ಮೈದಾನದ ನೇರಕ್ಕೆ ಬಂದಳು. ಆ ಗ್ಲೈಡರ್ ಇನ್ನೂ ಅಲ್ಲೇ ಇದೆ. ನನ್ನ ತಲೆಯಲ್ಲಿ ಒಂದೇ ಮಾತು: ಡೆಕ್ ಖಾಲಿ ಇಲ್ಲ. ಡೆಕ್ ಖಾಲಿ ಇಲ್ಲದಿದ್ದರೆ ಬ್ಯಾಟಿನವನು ಏನು ಮಾಡಬೇಕೋ ಅದನ್ನು ಮಾಡಲು ಓಡಿದೆ. ಹುಲ್ಲಿನ ನಡುವೆ ನಿಂತು ಎರಡೂ ಕೈಯನ್ನು ತಲೆಯ ಮೇಲೆ ಅಡ್ಡಡ್ಡ ಬೀಸಿದೆ. ಬೀಸುತ್ತಲೇ ಇದ್ದೆ.

ಮೈದಾನ ಎಷ್ಟೋ ಅಗಲವಿತ್ತು. ಎಡಗಡೆ ಬೇಕಾದಷ್ಟು ಜಾಗ. ಮೇಷ್ಟ್ರು ಅಷ್ಟರಲ್ಲಾಗಲೇ ರೇಡಿಯೋದಲ್ಲಿ, ಎಡಕ್ಕೆ ಇಳಿ ಎಂದು ಹೇಳಿದ್ದರು. ಅವಳೂ ಎಡಕ್ಕೆ ಸರಿದು, ರೆಕ್ಕೆಯ ಮೇಲಿನ ಬ್ರೇಕ್ ಹಲಗೆಗಳನ್ನು ಎಬ್ಬಿಸಿಕೊಂಡು ಇಳಿಯುತ್ತಿದ್ದಳು. ರೇಡಿಯೋದ ಮಾತನ್ನು ನಾನು ಕೇಳಿಸಿಕೊಂಡಿರಲಿಲ್ಲ. “ವೆಗ್ ದಾ! ಪಕ್ಕಕ್ಕೆ ಹೋಗು!” ಎಂದು ಮೇಷ್ಟ್ರು ಕೂಗುವುದೂ ಕೇಳಲಿಲ್ಲ. ಅವಳಿಗೆ ಕಂಡದ್ದು ಗಂಡನ ಎರಡು ಕೈ. ಚಳಿಗಾಲವೆಲ್ಲ ಕಾಲಿಗೆ ಕಲಿಸಿದ್ದನ್ನು ಅವಳ ಕೈ ಮಾಡಿತು. ಬ್ರೇಕ್ ಹಲಗೆಗಳು ಫಟ್ಟನೆ ಒಳಗೆ ಹೋದವು.

ಹಡಗಿನ ವಿಮಾನಕ್ಕೆ ಎಂಜಿನ್ ಇರುತ್ತದೆ, ಭೋರ್ಗರೆದು ಹೊರಟುಹೋಗುತ್ತದೆ. ಇವಳು ಎಲ್ಲಿಗೆ ಹೋಗಬೇಕು? ಗ್ಲೈಡರ್ ನನ್ನ ಪಕ್ಕದಲ್ಲಿ, ಒಂದು ತೆಂಗಿನ ಮರದೆತ್ತರದಲ್ಲಿ, ಸುಯ್ಯೆಂದು ಹೋಯಿತು. ಇಳಿಯಲೂ ಇಲ್ಲ, ಏರಲೂ ಇಲ್ಲ. ಮೈದಾನ ಮುಗಿಯಿತು. ವಿಂಚು ದಾಟಿತು. ಅದರಾಚೆ ಗುಡ್ಡದ ಇಳಿಜಾರು. ಬಿಳಿಯ ಬಾಲ ಆ ಅಂಚಿನಲ್ಲಿ ಒಂದು ಕ್ಷಣ ಕಂಡಿತು, ಆಮೇಲೆ ಇಲ್ಲ.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಒಂದು ಸದ್ದಿಲ್ಲ. ಕುರ್ಚಿ ಬಿಟ್ಟು ಏಳಲು ಎರಡು ಕೈಯ ಸಹಾಯ ಬೇಕಿದ್ದ ಅಜ್ಜ ಎದ್ದು ನಿಂತಿದ್ದು ಕಂಡಿತು. ಮೇಷ್ಟ್ರ ರೇಡಿಯೋ ಗರಗರ ಅಂದಿತು. ಅವಳ ದನಿ, ಮೊದಲು ಜರ್ಮನ್‌ನಲ್ಲಿ, ನಿಂತು ನಿಂತು: “ಕೆಳಗಿನ ಹುಲ್ಲುಗಾವಲಲ್ಲಿ ಇಳಿದಿದ್ದೇನೆ. ನಾನು ಸರಿಯಿದ್ದೇನೆ. ವಿಮಾನವೂ.” ಆಮೇಲೆ, ಇಡೀ ಮೈದಾನ ಕೇಳುವ ಹಾಗೆ, ಕನ್ನಡದಲ್ಲಿ: “ರೀ, ನಿಮಗೇನು ತಲೆ ಕೆಟ್ಟಿತ್ತಾ?”

ಮೇಷ್ಟ್ರು ನನ್ನನ್ನು ಬೈಯಲಿಲ್ಲ. ಲೆಕ್ಕದ ಪುಸ್ತಕದ ದನಿಯಲ್ಲಿ ಹೇಳಿದರು: “ಮೂರನೆಯದು ಈ ಮೈದಾನದಲ್ಲಿ ಇಳಿಯಲಿಲ್ಲ. ಮತ್ತೆ ನನ್ನ ಜೊತೆ ಕೆಲವು ಹಾರಾಟ, ಆಮೇಲೆ ಮೂರೂ ಮೊದಲಿನಿಂದ.” ಜಗತ್ತಿನಲ್ಲಿ ಚೌಕಾಸಿಗೆ ಬಗ್ಗದ ವಸ್ತು ಇಲ್ಲ ಎಂದು ನಂಬಿದ್ದ ನಾನು ಬಾಯಿ ತೆರೆದೆ. ತಪ್ಪು ನನ್ನದು, ಅವಳದ್ದಲ್ಲ, ಮೊದಲ ಎರಡನ್ನಾದರೂ ಲೆಕ್ಕಕ್ಕೆ ಹಿಡಿದುಕೊಳ್ಳಿ ಎಂದು ಕೇಳಬೇಕೆಂದಿದ್ದೆ. ಹಿಂದಿನಿಂದ ಅಜ್ಜ ನನ್ನ ತೋಳು ಹಿಡಿದರು. ಕೇಳಲಿಲ್ಲ.

ಗ್ಲೈಡರನ್ನು ಬಿಚ್ಚಿ ಟ್ರೇಲರಿಗೆ ಹಾಕಲು ಎಲ್ಲರೂ ಕೆಳಗೆ ಹೋದರು. ನನ್ನ ಮುಖ ನೋಡಲು ಅವಳಿಗೆ ಇಷ್ಟವಿಲ್ಲ ಎಂದು ಗೊತ್ತಿದ್ದರಿಂದ ನಾನು ಅಜ್ಜನ ಪಕ್ಕ ಹುಲ್ಲಿನ ಮೇಲೆ ಕೂತೆ. ಅವರು ಚಹಾ ಬಗ್ಗಿಸಿ ಕೊಟ್ಟರು. ಸಕ್ಕರೆ ಇಲ್ಲದ್ದು.

“ನಾನೂ ಒಮ್ಮೆ ಬೀಸಿದ್ದೆ,” ಅಂದರು. “ಮುಂದೆ ಇಳಿದವನ ಕೊಕ್ಕೆ ತಂತಿಯಿಂದ ಬಿಡಿಸ್ತಾ ಇದ್ರು. ಇವನು ಹಿಂದೇನೇ ಬಂದ. ನಾನು ಬೀಸಿದೆ, ಅವನು ಹೋದ. ತಪ್ಪಿಲ್ಲ. ಎರಡನೇ ಸಲ ಬಂದ, ಇನ್ನೂ ಬಿಡಿಸಿರಲಿಲ್ಲ, ಮತ್ತೆ ಬೀಸಿದೆ. ಹೋದ. ಹಡಗಿನ ಪಕ್ಕದಲ್ಲೇ, ನನ್ನ ಕಣ್ಣಿನ ನೇರಕ್ಕೆ, ಎಂಜಿನ್ ನಿಂತುಹೋಯ್ತು. ಪೆಟ್ರೋಲ್ ಮುಗಿದಿತ್ತು.”

ಅಜ್ಜ ತಮ್ಮ ಲೋಟಕ್ಕೂ ಚಹಾ ಬಗ್ಗಿಸಿಕೊಂಡರು.

“ನೀರಿಗೆ ಬಿದ್ದ. ಹಿಂದೆ ಬರ್ತಿದ್ದ ಸಣ್ಣ ಯುದ್ಧನೌಕೆ ಅವನನ್ನ ಎತ್ಕೊಳ್ತು. ಮಾರನೇ ದಿನ ಎರಡೂ ಹಡಗು ಪಕ್ಕಪಕ್ಕ ಓಡ್ತಾ ಇರುವಾಗ, ನಡುವೆ ಹಗ್ಗ ಕಟ್ಟಿ, ತೊಟ್ಟಿಲಲ್ಲಿ ಕೂರಿಸಿ ವಾಪಸ್ ಕಳಿಸಿದ್ರು. ಅಮೆರಿಕದವರ ಹಡಗಾದ್ರೆ ಅವನ ಬದಲಿಗೆ ಐಸ್‌ಕ್ರೀಮ್ ಕಳಿಸ್ತಿದ್ರಂತೆ. ನಮ್ಮ ಹತ್ರ ಐಸ್‌ಕ್ರೀಮ್ ಎಲ್ಲಿ? ಬಿಸಿ ಬ್ರೆಡ್ ಕಳಿಸಿದ್ವಿ.”

ಆ ಹೊತ್ತಿನಲ್ಲೂ ನನ್ನ ಬಾಯಿಂದ, “ಒಬ್ಬ ಪೈಲಟ್‌ಗೆ ಎಷ್ಟು ಬ್ರೆಡ್?” ಎಂದು ಬಂತು. ಅಜ್ಜ ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು:

“ಅವನು ಬಂದು ನನ್ನ ಕೈ ಕುಲುಕಿದ. ನೀನು ಸರಿಯಾಗೇ ಬೀಸಿದೆ, ಅಂದ. ಅದು ನಿಜವೂ ಹೌದು. ಆದ್ರೆ ಆವತ್ತಿನಿಂದ, ಬೀಸೋ ಮುಂಚೆ ನನಗೊಂದು ಯೋಚನೆ. ಅವನ ಟ್ಯಾಂಕಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ. ಅವನಿಗೆ ಮಾತ್ರ ಗೊತ್ತು.” ಗುಡ್ಡದ ಅಂಚಿನ ಕಡೆ ನೋಡಿದರು. “ನಿನ್ನ ಹೆಂಡತಿ ಅಂಚು ದಾಟಿದ ಮೇಲೆ ಅವಳಿಗೆ ಯಾರೂ ಏನೂ ಹೇಳಲಿಲ್ಲ. ಗಮನಿಸಿದ್ಯಾ? ರೇಡಿಯೋದಲ್ಲೂ ಇಲ್ಲ. ಗುಡ್ಡ ಏರುವ ಕಡೆಗೆ ಮೂಗು ಮಾಡಿ, ಒಂದು ಗೀರೂ ಆಗದ ಹಾಗೆ ಇಳಿಸಿದ್ದಾಳಂತೆ, ಕೆಳಗೆ ಹೋದವರು ಹೇಳಿದ್ರು. ಆ ಲ್ಯಾಂಡಿಂಗ್ ನೋಡೋಕೆ ನಾನು ಬೇಕಾದ್ದು ಕೊಡ್ತಿದ್ದೆ.”

ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ನನ್ನ ತಪ್ಪಿನ ಗಾತ್ರ ಅಳೆಯುತ್ತ ಕೂತವನು ಅವಳು ಮಾಡಿದ್ದನ್ನು ಕಂಡೇ ಇರಲಿಲ್ಲ. ನಾಲ್ಕು ಉಸಿರಿನಷ್ಟು ಸಮಯ, ಎಂಜಿನ್ ಇಲ್ಲ, ಗೊತ್ತಿಲ್ಲದ ಹುಲ್ಲುಗಾವಲು, ಒಬ್ಬಳೇ. ಹಡಗಿನ ಹುಡುಗರ ಬಗ್ಗೆ ಕೇಳುವಾಗ ಮೈ ಜುಮ್ಮೆಂದದ್ದು ಈಗ ಮತ್ತೆ ಆಯಿತು.

ಎರಡು ದಿನ ಅವಳು ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಬೆಳಗ್ಗೆ ಕಾಫಿ ಮುಂದಿಟ್ಟು, ವ್ಯಾಪಾರಕ್ಕೆ ಕೂತವರ ಹಾಗೆ ಎದುರಿಗೆ ಕೂತಳು.

“ಮತ್ತೆ ಹಾರ್ತೀನಿ. ನೀವು ಬರ್ಬೇಕು.”

“ನಾನು ವಿಂಚಿನ ಹತ್ರ ಇರ್ತೀನಿ ಕಣೆ. ದೂರ. ಇಳಿಯೋದು ಅಲ್ಲಿಂದ ಕಾಣೋದೂ ಇಲ್ಲ.”

“ಬೇಡ. ಇಳಿಯೋ ಜಾಗದಲ್ಲೇ, ಹುಲ್ಲಿನ ಅಂಚಲ್ಲಿ ನಿಂತ್ಕೋಬೇಕು. ನನಗೆ ಕಾಣೋ ಹಾಗೆ. ಕೈ ಎರಡೂ ಜೇಬಲ್ಲಿ.”

“ಅದ್ಯಾಕೆ?”

“ನೀವು ಕಂಡ್ರೂ ಕಾಣದ ಹಾಗೆ ಇಳಿಯೋಕೆ ನನಗೆ ಬರ್ಬೇಕು. ನಾನು ಇಳೀತಿರೋವಾಗ ಸುಮ್ಮನಿರೋಕೆ ನಿಮಗೆ ಬರ್ಬೇಕು. ಇಬ್ಬರಿಗೂ ಅದೇ ಪರೀಕ್ಷೆ.”

“ಒಂದು ಕೈ ಹೊರಗೆ ಇಟ್ಕೊಳ್ಳಲಾ? ಟೋಪಿ ಹಾರಿದ್ರೆ…”

“ಎರಡೂ.”

ಕೇಳಿದ ಬೆಲೆಗೆ ಒಪ್ಪಿಕೊಂಡದ್ದು ನನ್ನ ಜೀವಮಾನದಲ್ಲಿ ಅದೊಂದು ಸಲ. ಬೇರೆ ಗಂಡಸರಿಗೆ ಹೇಳುವುದಿಷ್ಟೆ, ಇಂಥ ವ್ಯಾಪಾರದಲ್ಲಿ ಎಳೆದಾಡಬೇಡಿ.

ಜೂನ್ ಕೊನೆಗೆ ಮೇಷ್ಟ್ರು ಮತ್ತೆ ಅವಳನ್ನು ಒಬ್ಬಳನ್ನೇ ಬಿಟ್ಟರು. ಮುಂದಿನ ಸೀಟಿನಲ್ಲಿ ಅವಳು, ಹಿಂದಿನ ಸೀಟು ಖಾಲಿ, ಬೆಲ್ಟು ಬಿಗಿದು ಕಟ್ಟಿದ್ದು. ನಾನು ಹುಲ್ಲಿನ ಅಂಚಿನಲ್ಲಿ ಹೋಗಿ ನಿಂತೆ. ಅಜ್ಜ ತಮ್ಮ ಕುರ್ಚಿಯನ್ನು ಎತ್ತಿಸಿಕೊಂಡು ಬಂದು ನನ್ನ ಹಿಂದೆಯೇ ಹಾಕಿಸಿಕೊಂಡರು. ನನ್ನನ್ನು ಕಾಯಲು ಬಂದರೋ, ಅವಳನ್ನು ನೋಡಲು ಬಂದರೋ, ಕೇಳಲಿಲ್ಲ.

ಮೊದಲನೆಯದು ಆಯಿತು. ಎರಡನೆಯದೂ ಆಯಿತು. ಜೇಬಿನೊಳಗೆ ನನ್ನ ಬೆರಳುಗಳು ಕೀಲಿಕೈ ಗೊಂಚಲನ್ನು ಹಿಸುಕಿ ಅಂಗೈ ಉರಿಯುತ್ತಿತ್ತು. ಮೂರನೆಯ ಸಲ ಅವಳು ತಿರುಗಿ ನನ್ನ ನೇರಕ್ಕೆ ಬಂದಳು. ಹಡಗಿನ ಅಂಚಿನಲ್ಲಿ ನಿಂತವನಿಗೆ ಏನು ಕಂಡಿರಬಹುದು ಎಂದು ಆವತ್ತು ತಿಳಿಯಿತು. ಪಕ್ಕದಿಂದ ನೋಡಿದರೆ ವಿಮಾನ ಬರುತ್ತದೆ. ಎದುರಿನಿಂದ ನೋಡಿದರೆ ಅದು ಬರುವುದಿಲ್ಲ, ಬೆಳೆಯುತ್ತದೆ. ಒಂದು ಗೆರೆ. ಗೆರೆಗೆ ನಡುವೆ ಒಂದು ಚುಕ್ಕೆ. ಚುಕ್ಕೆಗೆ ಗಾಜು, ಗಾಜಿನೊಳಗೆ ಒಂದು ತಲೆ. ಆಮೇಲೆ ಆ ಸಿಳ್ಳೆಯಂಥ ಗಾಳಿ. ರೆಕ್ಕೆಗಳು ನನ್ನ ಎಡಬಲಕ್ಕೂ ಆಕಾಶ ತುಂಬಿಕೊಂಡವು. ಅವಳು ಸ್ವಲ್ಪ ಎತ್ತರದಲ್ಲಿದ್ದಳು. ಕಣ್ಣಿಗೆ ಹೊಡೆಯುವಷ್ಟು ಎತ್ತರ. ನನ್ನ ಭುಜ ತಾನಾಗಿ ಮೇಲೆದ್ದಿತು. ಮೊಣಕೈ ಪಕ್ಕೆಗೆ ಒತ್ತಿ ಹಿಡಿದೆ. ಹಿಂದಿನಿಂದ ಅಜ್ಜನ ಗುನುಗು ಕೇಳಿಸಲಿಲ್ಲ. ಅವರೂ ಬಾಯಿ ಮುಚ್ಚಿಕೊಂಡಿದ್ದರು.

ಬ್ರೇಕ್ ಹಲಗೆಗಳು ಇನ್ನೊಂದಿಷ್ಟು ಎದ್ದವು. ಗಾಳಿಯ ಸದ್ದು ತಗ್ಗಿತು. ನನ್ನಿಂದ ಇಪ್ಪತ್ತು ಹೆಜ್ಜೆ ಎಡಕ್ಕೆ ಚಕ್ರ ಹುಲ್ಲು ಮುಟ್ಟಿತು, ಉರುಳಿತು, ನಿಂತಿತು. ಒಂದು ರೆಕ್ಕೆ ಮೆಲ್ಲಗೆ ನೆಲಕ್ಕೆ ಒರಗಿತು.

ಅಜ್ಜ ಕುರ್ಚಿಯ ಕೈಗೆ ಎರಡು ಸಲ ತಟ್ಟಿದರು. ಮೇಷ್ಟ್ರು ದೂರದಿಂದಲೇ ಮೂರು ಬೆರಳು ಎತ್ತಿ ತೋರಿಸಿದರು. ನಾನು ಓಡಿ ಹೋದಾಗ ಅವಳು ಗಾಜಿನ ಮುಚ್ಚಳ ತೆಗೆದು, ಬೆಲ್ಟು ಬಿಚ್ಚದೆ, ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಣೆಯ ಬೆವರಿಗೆ ಕೂದಲು ಅಂಟಿತ್ತು.

“ರೀ, ಕೊನೇದು ಎತ್ತರ ಇದ್ನಾ?”

“ಇದ್ದೆ,” ಅಂದೆ.

ಇನ್ನೂ ಏನೋ ಬರುತ್ತದೆ ಎಂದು ಅವಳು ನನ್ನ ಮುಖ ನೋಡುತ್ತ ಕಾದಳು.

“ಹೂಂ. ನನಗೂ ಗೊತ್ತಾಯ್ತು. ಅದಕ್ಕೇ ಬ್ರೇಕ್ ಜಾಸ್ತಿ ಎಳೆದೆ,” ಎಂದು ಬೆಲ್ಟು ಬಿಚ್ಚಿದಳು. “ಬನ್ನಿ, ರೆಕ್ಕೆ ಹಿಡೀರಿ. ಹಿಂದೆ ಇನ್ನೊಂದು ಬರ್ತಾ ಇದೆ.”

ಅವಳು ಮೂಗಿನ ಕಡೆ, ನಾನು ರೆಕ್ಕೆಯ ತುದಿ. ಗ್ಲೈಡರನ್ನು ಹುಲ್ಲಿನ ಮೇಲಿಂದ ಪಕ್ಕಕ್ಕೆ ತಳ್ಳಿಕೊಂಡು ಹೋದೆವು.